ಇಂಗ್ಲೆಂಡಿನ ಶಾಲೆಯಲ್ಲಿ ನನ್ನ ಧರ್ಮದ ಪೀರಿಯಡ್ಡು

ಶಾಲೆ ಬಿಡುವ ಹೊತ್ತು. ಗೇಟಿನ ಹತ್ತಿರ ಒಬ್ಬ ತಾಯಿ ನನಗಾಗಿ ಕಾಯುತ್ತಾ ನಿಂತಿದ್ದರು. ಜೋರು ಮಾಡಲಿಲ್ಲ. ಮಗಳ ಹಣೆ ತೋರಿಸಿ, "ಇದನ್ನು ಇಟ್ಟಿದ್ದು ನೀವಾ?" ಎಂದು ಕೇಳಿದರು, ಅಷ್ಟೇ. ಆರು ವರ್ಷದ ಹುಡುಗಿ. ನಾನು ಇಟ್ಟಿದ್ದ ಕುಂಕುಮ ಬೆವರಿಗೆ ಅಳಿಸಿ ಹುಬ್ಬಿನ ತನಕ ಹರಡಿತ್ತು.

"ಪೂಜೆ ಹೇಗೆ ಮಾಡ್ತಾರೆ ಅಂತ ಹೇಳಿಕೊಡ್ತಾ ಇದ್ದೆ" ಎಂದೆ.

"ಹೇಳಿಕೊಡಿ. ಬೇಡ ಅನ್ನಲ್ಲ. ಮಾಡಿಸಬೇಡಿ" ಎಂದರು.

ಅವರದು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನೆ. ನಾನು ಕ್ಷಮೆ ಕೇಳಿದೆ. ಆದರೆ ಒಳಗೊಳಗೇ ಸ್ವಲ್ಪ ಉರಿದುಕೊಂಡೆ, ಸುಳ್ಳು ಯಾಕೆ ಹೇಳಲಿ. ರಾಣೆಬೆನ್ನೂರಿನ ನಮ್ಮ ಮನೆಗೆ ಬಂದ ಹೆಣ್ಣುಮಗಳನ್ನು ಕುಂಕುಮ ಹಚ್ಚದೆ ಕಳಿಸಿದರೆ ಅದು ಅವಮಾನ. ಇಲ್ಲಿ ಹಚ್ಚಿದ್ದೇ ತಪ್ಪಾಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ತಲೆಯಲ್ಲಿ ಅದೇ. ಆಮೇಲೆ ಉಲ್ಟಾ ಯೋಚಿಸಿ ನೋಡಿದೆ. ನನ್ನ ಮಗ ಶಾಲೆಯಿಂದ ಬಂದು, "ಅಮ್ಮಾ, ಇವತ್ತು ಮಿಸ್ ನನ್ನ ತಲೆ ಮೇಲೆ ನೀರು ಹಾಕಿ ಬ್ಯಾಪ್ಟಿಸಂ ಮಾಡಿದರು" ಅಂದಿದ್ದರೆ? ನಾನೂ ಮರುದಿನ ಗೇಟಿನ ಹತ್ತಿರ ನಿಂತಿರುತ್ತಿದ್ದೆ. ಆ ತಾಯಿಯಷ್ಟು ಮೆತ್ತಗೆ ಮಾತಾಡುತ್ತಿದ್ದೆನೋ ಇಲ್ಲವೋ.

ನಾನು ಈ ಪಾಠಕ್ಕೆ ಆಸೆಪಟ್ಟು ಬಂದವಳಲ್ಲ. ಊರಲ್ಲಿ ಬಿ.ಎಡ್. ಮಾಡಿದ್ದೆ, ಗಣಿತ ನನ್ನ ವಿಷಯ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಇಲ್ಲಿನ ಟೀಚರ್ ತರಬೇತಿ ಮುಗಿಸಿದೆ. ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೂಗೆ ಇಳಿಯುವ ವಿಮಾನಗಳು ತಲೆ ಮೇಲೇ ಹಾದು ಹೋಗುವ ಕಡೆ ಒಂದು ಪ್ರೈಮರಿ ಶಾಲೆಯಲ್ಲಿ ವಾರಕ್ಕೆ ಎರಡೂವರೆ ದಿನದ ಕೆಲಸ ಸಿಕ್ಕಿತು. ಇಂಗ್ಲೆಂಡಿನಲ್ಲಿ 2005ರಿಂದ ಕ್ಲಾಸ್ ಟೀಚರುಗಳಿಗೆ ಪಾಠದ ಸಮಯದಲ್ಲಿ ಹತ್ತರಲ್ಲೊಂದು ಪಾಲು ಬಿಡುವು ಕೊಡಲೇಬೇಕು, ತಯಾರಿಗೆ, ಪುಸ್ತಕ ತಿದ್ದೋದಕ್ಕೆ. ಅದಕ್ಕೆ ಪಿಪಿಎ ಅಂತಾರೆ. ಆ ಹೊತ್ತಲ್ಲಿ ಬೇರೆ ಯಾರಾದರೂ ಕ್ಲಾಸು ನೋಡಿಕೊಳ್ಳಬೇಕು. ಆ ಬೇರೆ ಯಾರೋ ನಾನು. ಕ್ಲಾಸ್ ಟೀಚರು ಯಾವ ಪಾಠ ಬಿಟ್ಟುಕೊಡ್ತಾರೆ? ಗಣಿತ ಬಿಡಲ್ಲ. ಇಂಗ್ಲಿಷ್ ಬಿಡಲ್ಲ. ಆರ್‌ಇ ಖುಷಿಯಿಂದ ಬಿಡ್ತಾರೆ. ಆರ್‌ಇ ಅಂದರೆ ಧರ್ಮದ ಪಾಠ. "ನೀನು ಇಂಡಿಯಾದವಳು, ನಿನಗೆ ಇದು ಸುಲಭ ಅಲ್ವಾ" ಅಂದರು ಹೆಡ್. ತಲೆಯಾಡಿಸಿದೆ. ಆರು ತರಗತಿ, ಐದು ವರ್ಷದ ಮಕ್ಕಳಿಂದ ಹನ್ನೊಂದು ವರ್ಷದವರ ತನಕ, ಎಲ್ಲ ನನ್ನ ಪಾಲಿಗೆ ಬಂತು.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ಹುಡುಗರಿಗೆ ದೇವರ ಪಾಠ ಹೇಳ್ತೀಯಂತಲ್ಲ, ನಿನಗೇನು ಗೊತ್ತೈತವ್ವಾ?"

ನ್ಯಾಯವಾದ ಪ್ರಶ್ನೆ. ನಾನು ಓದಿದ್ದು ಸರ್ಕಾರಿ ಶಾಲೆಯಲ್ಲಿ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮ ಬೋಧನೆ ಮಾಡುವ ಹಾಗಿಲ್ಲ ಅಂತ ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಹಾಗಂತ ನಮ್ಮ ಶಾಲೆಯಲ್ಲಿ ದೇವರು ಇರಲಿಲ್ಲವಾ? ಶುಕ್ರವಾರ ಸರಸ್ವತಿ ಪೂಜೆ, ಮಂಡಕ್ಕಿ ಪ್ರಸಾದ, ಗಣಪತಿ ಕೂರಿಸೋದು, ಎಲ್ಲ ಇತ್ತು. ನನ್ನ ಪಕ್ಕ ಕೂರುತ್ತಿದ್ದ ಮುಸ್ಲಿಂ ಗೆಳತಿಯೂ ನಮ್ಮ ಜೊತೆ ಮಂಡಕ್ಕಿ ತಿನ್ನುತ್ತಿದ್ದಳು. ಅವಳ ಮನೆಯ ರಂಜಾನ್ ಬಗ್ಗೆ ಮಾತ್ರ ಯಾವ ಮೇಷ್ಟ್ರೂ ಒಂದು ಮಾತು ಆಡಲಿಲ್ಲ. ಅಂದರೆ ಮಾಡಿಸೋದು ಇತ್ತು, ಹೇಳಿಕೊಡೋದು ಇರಲಿಲ್ಲ. ಇಲ್ಲಿ ಪೂರಾ ತಿರುಗುಮುರುಗು.

ಇಂಗ್ಲೆಂಡಿನಲ್ಲೂ ಮೊದಲಿಂದ ಹೀಗಿರಲಿಲ್ಲ. 1944ರ ಶಿಕ್ಷಣ ಕಾಯ್ದೆಯ ಕಾಲದಲ್ಲಿ ಈ ಪಾಠಕ್ಕೆ 'ಧರ್ಮ ಬೋಧನೆ' ಅಂತಲೇ ಹೆಸರು, ನಮ್ಮ ಸಂವಿಧಾನದಲ್ಲಿರುವ ಅದೇ ಪದ. ಬೈಬಲ್ ಕಥೆ, ಅಷ್ಟೇ. 1988ರ ಕಾಯ್ದೆ ಅದನ್ನು 'ಧರ್ಮ ಶಿಕ್ಷಣ' ಅಂತ ಬದಲಾಯಿಸಿತು. ಈ ದೇಶದ ಮುಖ್ಯ ಪರಂಪರೆ ಕ್ರೈಸ್ತ ಅನ್ನೋದು ಪಾಠದಲ್ಲಿ ಕಾಣಬೇಕು, ಇಲ್ಲಿರುವ ಬೇರೆ ಮುಖ್ಯ ಧರ್ಮಗಳ ವಿಚಾರವೂ ಬರಬೇಕು ಅಂತ ಹೇಳಿತು. ಪಾಠ ಕಡ್ಡಾಯ, ಆದರೆ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಸೇರಿಲ್ಲ. ಒಂದೊಂದು ಜಿಲ್ಲೆಯವರು ತಮ್ಮ ತಮ್ಮ ಪಠ್ಯ ತಾವೇ ಮಾಡಿಕೊಳ್ತಾರೆ. ಚರ್ಚಿನವರು, ಬೇರೆ ಧರ್ಮದವರು, ಟೀಚರುಗಳು, ಕೌನ್ಸಿಲಿನವರು ಒಂದೇ ಮೇಜಿನ ಸುತ್ತ ಕೂತು ಒಪ್ಪಬೇಕು. ಐದು ವರ್ಷಕ್ಕೊಮ್ಮೆ ಮತ್ತೆ ಕೂರಬೇಕು. ನನಗೆ ಈ ವ್ಯವಸ್ಥೆ ಬಹಳ ಇಷ್ಟ. ಜಗಳ ಆಡೋದಾದರೆ ಮಕ್ಕಳ ಮುಂದೆ ಬೇಡ, ಮೊದಲೇ ಆಡಿ ಮುಗಿಸಿಬಿಡಿ ಅಂದ ಹಾಗಿದೆ.

ಇಷ್ಟೂ ನಾನು ಕುಂಕುಮದ ಪ್ರಸಂಗ ಆದ ಮೇಲೆ ಓದಿದ್ದು. ಮೊದಲೇ ಓದಬೇಕಿತ್ತು.

ಆವತ್ತಿನಿಂದ ಪೂಜೆಯ ಪಾಠಕ್ಕೆ ಒಂದು ಬಟ್ಟೆ ಗೊಂಬೆ ಇಟ್ಟುಕೊಂಡೆ. ಕುಂಕುಮ ಗೊಂಬೆಗೆ ಇಡ್ತೀನಿ. ಗಂಟೆ ಬಾರಿಸಬಹುದು, ಊದುಬತ್ತಿಯ ವಾಸನೆ ನೋಡಬಹುದು, ಆರತಿ ತಟ್ಟೆ ಕೈಯಲ್ಲಿ ಹಿಡಿದು ಎಷ್ಟು ಭಾರ ಅಂತ ನೋಡಬಹುದು. ಬೆಳಗೋ ಹಾಗಿಲ್ಲ, ಕೈ ಮುಗಿಸೋ ಹಾಗಿಲ್ಲ. ತಿನ್ನೋ ವಿಷಯದಲ್ಲಿ ಇನ್ನೂ ಹುಷಾರು ಬೇಕು. ದೇವರಿಗೆ ನೈವೇದ್ಯ ಮಾಡಿದ್ದನ್ನು ತಿನ್ನದ ಮನೆಗಳು ಇವೆ, ಮುಸ್ಲಿಮರಲ್ಲೂ ಇವೆ, ಕ್ರೈಸ್ತರಲ್ಲೂ ಇವೆ. ಹಾಗಾಗಿ ಉಂಡೆ ತಂದರೆ ಅದು ಸುಮ್ನೆ ಉಂಡೆ, ಪ್ರಸಾದ ಅಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಅಂಗಡಿಯ ಜೆಲ್ಲಿ ಮಿಠಾಯಿ ಆದರೆ ಜೆಲಟಿನ್ ಯಾವ ಪ್ರಾಣಿಯದು ಅಂತ ಪ್ಯಾಕೆಟ್ಟಿನ ಹಿಂದೆ ಓದಬೇಕು. ಈ ಕೆಲಸದಲ್ಲಿ ಧರ್ಮಗ್ರಂಥಕ್ಕಿಂತ ಜಾಸ್ತಿ ನಾನು ಓದಿದ್ದು ಮಿಠಾಯಿ ಪ್ಯಾಕೆಟ್ಟಿನ ಹಿಂಬದಿಯನ್ನೇ.

ಎರಡನೇ ಪೆಟ್ಟು ಬಿದ್ದಿದ್ದು ದೀಪಾವಳಿಯಲ್ಲಿ. ಅದೂ ನನ್ನದೇ ಹಬ್ಬದಲ್ಲಿ.

ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ದೀಪಾವಳಿ ಅಂದರೆ ರಾಮ, ಸೀತೆ, ಹತ್ತು ತಲೆ ರಾವಣ. ಗೋಡೆ ತುಂಬ ಬಣ್ಣದ ಕಾಗದದ ರಾವಣರು. ರಾಮ ಅಯೋಧ್ಯೆಗೆ ವಾಪಸ್ ಬಂದ, ಜನ ದೀಪ ಹಚ್ಚಿದರು, ಅದಕ್ಕೇ 'ಹಿಂದೂಗಳು' ದೀಪಾವಳಿ ಮಾಡ್ತಾರೆ. ನಾನೂ ಮೊದಲ ವರ್ಷ ಅದನ್ನೇ ಹೇಳಿದೆ. ಅರ್ಧ ಪಾಠದಲ್ಲಿ ಒಬ್ಬ ಹುಡುಗ, "ಮಿಸ್, ನೀವು ಚಿಕ್ಕವರಿದ್ದಾಗ ನಿಮ್ಮನೇಲೂ ರಾಮನಿಗೇ ದೀಪ ಹಚ್ತಿದ್ರಾ?" ಎಂದ.

ಬಾಯಿ ಕಟ್ಟಿತು. ಹಚ್ತಿರಲಿಲ್ಲ. ನಮ್ಮ ದೀಪಾವಳಿಯಲ್ಲಿ ರಾಮ ಬರೋದೇ ಇಲ್ಲ. ನೀರು ತುಂಬೋ ಹಬ್ಬ, ನರಕ ಚತುರ್ದಶಿಯ ಎಣ್ಣೆ ಸ್ನಾನ, ಅಮಾವಾಸ್ಯೆಗೆ ಲಕ್ಷ್ಮಿ ಪೂಜೆ, ಮರುದಿನ ಬಲಿ ಪಾಡ್ಯಮಿ. ಬಲಿ ಚಕ್ರವರ್ತಿ ಮೂರು ಹೆಜ್ಜೆ ಜಾಗ ದಾನ ಕೊಡಲು ಹೋಗಿ ಎಲ್ಲ ಕಳೆದುಕೊಂಡವನು, ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡೋಕೆ ಬರ್ತಾನೆ. ಆವತ್ತು ಬೆಳಗ್ಗೆ ಅವ್ವ ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೊಸ್ತಿಲ ಪಕ್ಕ ಕೂರಿಸುತ್ತಿದ್ದಳು. ಗೋಪುರದ ಹಾಗೆ ಪುಟ್ಟ ಪುಟ್ಟ ಉಂಡೆ. ತಲೆಗೆ ಉತ್ತರಾಣಿ ಕಡ್ಡಿ, ಚೆಂಡು ಹೂವು.

ಇದನ್ನು ಮಕ್ಕಳಿಗೆ ಹೇಳಿದೆ. ಸಗಣಿ ಅಂದಿದ್ದೇ ತಡ, ಮೂವತ್ತು ಮಕ್ಕಳು ಕಾರ್ಪೆಟ್ ಮೇಲೆ ಬಿದ್ದು ನಕ್ಕರು. ನಗಲಿ ಬಿಡಿ. ನಕ್ಕು ಮುಗಿದ ಮೇಲೆ ಒಬ್ಬಳು ಗುಜರಾತಿ ಹುಡುಗಿ ಕೈ ಎತ್ತಿದಳು. ದೀಪಾವಳಿಯ ಮರುದಿನ ಅವರಿಗೆ ಹೊಸ ವರ್ಷ, ಅಪ್ಪ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡ್ತಾರೆ ಅಂದಳು. ತಲೆಗೆ ಪಟ್ಕಾ ಬಟ್ಟೆ ಕಟ್ಟಿದ್ದ ಒಬ್ಬ ಸಿಖ್ ಹುಡುಗ, "ನಮಗೆ ಅದು ಬಂದೀ ಛೋಡ್" ಅಂದ. ಗುರು ಹರಗೋಬಿಂದ್ ಗ್ವಾಲಿಯರ್ ಕೋಟೆಯ ಸೆರೆಯಿಂದ ಬಿಡುಗಡೆಯಾಗುವಾಗ 52 ರಾಜರನ್ನೂ ಜೊತೆಗೆ ಕರೆದುಕೊಂಡು ಬಂದ ಕಥೆ ಅದು. ಗುರುವಿನ ಬಟ್ಟೆ ಹಿಡಿದುಕೊಂಡು ಎಷ್ಟು ಜನ ಬರ್ತಾರೋ ಅಷ್ಟು ಜನರನ್ನು ಬಿಡ್ತೀವಿ ಅಂದರಂತೆ. ಅದಕ್ಕೆ 52 ಕುಚ್ಚುಗಳಿರುವ ನಿಲುವಂಗಿ ಹೊಲಿಸಿದರಂತೆ. ಕಥೆ ಹೇಳುತ್ತಾ ಅವನು ತನ್ನ ಸ್ವೆಟರಿನ ತುದಿ ಹಿಡಿದು ಎಳೆದು ತೋರಿಸಿದ. ಪಕ್ಕದ ನಾಲ್ವರು ಬಂದು ಅದನ್ನು ಹಿಡಿದುಕೊಂಡರು. ಜೈನರಿಗೆ ಅದೇ ದಿನ ಮಹಾವೀರರ ನಿರ್ವಾಣದ ದಿನ ಅಂತ ನಾನು ಸೇರಿಸಿದೆ. ಹೀಗೆ ರಾಮನದ್ದೂ ಸೇರಿ ಒಂದು ದೀಪಕ್ಕೆ ಐದು ಕಾರಣ ಆಯಿತು.

ಆವತ್ತು ಪಾಠ ಮುಗಿಸಿ ಬೋರ್ಡಿನ ಮೇಲಿದ್ದ 'ಹಿಂದೂಗಳು ಮಾಡುತ್ತಾರೆ' ಅನ್ನೋದನ್ನು ಒರೆಸಿ 'ಕೆಲವು ಹಿಂದೂಗಳು ಮಾಡುತ್ತಾರೆ' ಅಂತ ಬರೆದೆ. ಒಂದೇ ಪದ. ಆದರೆ ಅದರಿಂದ ನನ್ನ ಪಾಠದ ದಾರಿಯೇ ಬದಲಾಯಿತು. ಈಗ ಯಾವ ಧರ್ಮದ ಬಗ್ಗೆ ಮಾತಾಡಿದರೂ 'ಕೆಲವರು', 'ಬಹಳ ಜನ', 'ನಾನು ನೋಡಿದ ಒಂದು ಮನೆಯಲ್ಲಿ' ಅಂತಲೇ ಶುರು ಮಾಡ್ತೀನಿ. ಮಕ್ಕಳಿಗೂ ಅಭ್ಯಾಸ ಆಗಿದೆ. ನಾನು ಮರೆತು "ಕ್ರೈಸ್ತರು ಭಾನುವಾರ ಚರ್ಚಿಗೆ ಹೋಗ್ತಾರೆ" ಅಂದರೆ ಹಿಂದಿನಿಂದ ಯಾರೋ ಒಬ್ಬರು "ಕೆಲವರು, ಮಿಸ್!" ಅಂತ ಕೂಗ್ತಾರೆ.

ಮುಂದಿನ ವರ್ಷ ಸಗಣಿಯ ಪಾಂಡವರನ್ನು ಕ್ಲಾಸಿನಲ್ಲೇ ಮಾಡಿದೆವು. ಸಗಣಿ ತರೋಕೆ ಆಗಲ್ಲ, ಅಲ್ವಾ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಲೋಟ ನೀರು ಹಾಕಿ ಕಲಸಿದ ಹಿಟ್ಟು, ಬಣ್ಣಕ್ಕೆ ಕೋಕೋ ಪುಡಿ. ಇಲ್ಲಿನ ಶಾಲೆಗಳಲ್ಲಿ ಹಣತೆ ಮಾಡೋದೂ ಇದೇ ಹಿಟ್ಟಿನಲ್ಲಿ. ಫೋಟೋ ನೋಡಿ ಅವ್ವ, "ಪಾಂಡವರು ಚಾಕೊಲೇಟಿನ ಹಂಗ ಅದಾರ" ಅಂದಳು. ಪೂಜೆ ಇಲ್ಲದ ಪಾಂಡವರು ಅಂತ ಅವಳಿಗೆ ಸ್ವಲ್ಪ ಬೇಜಾರೂ ಆಯಿತು.

ಇನ್ನೊಂದು ಇಕ್ಕಟ್ಟು ನನ್ನದೇ ಮನೆಯದು. ಶಾಲೆಯ ಸ್ಟೋರಿನಲ್ಲಿ ಒಂದೊಂದು ಧರ್ಮಕ್ಕೆ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಇದೆ. 'ಹಿಂದೂ' ಅಂತ ಬರೆದ ಡಬ್ಬಿಯಲ್ಲಿ ಗಣಪತಿ, ಕೃಷ್ಣ, ಗಂಟೆ, ಆರತಿ ತಟ್ಟೆ. ಜೊತೆಗೊಂದು ಕಾರ್ಡು: ಹಿಂದೂಗಳು ಮಂದಿರಕ್ಕೆ ಹೋಗಿ ಮೂರ್ತಿ ಪೂಜೆ ಮಾಡುತ್ತಾರೆ. ನಮ್ಮಪ್ಪ ಯಾವ ಮಂದಿರಕ್ಕೂ ಹೋದವರಲ್ಲ. ಬೆಳಗ್ಗೆ ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈ ಮೇಲಿಟ್ಟುಕೊಂಡು ಕೂರೋರು. ಅಷ್ಟೇ ಅವರ ಪೂಜೆ. ಅವರನ್ನು ಯಾವ ಡಬ್ಬಿಗೆ ಹಾಕಲಿ? ಲಿಂಗಾಯತ ಬೇರೆ ಧರ್ಮವಾ, ಹಿಂದೂ ಒಳಗೇ ಇದೆಯಾ ಅಂತ ನಮ್ಮ ಮಾವಂದಿರೇ ಮದುವೆಯ ಪಂಕ್ತಿಯಲ್ಲಿ ಕೂತು ಕಿತ್ತಾಡ್ತಾರೆ. ಏಳು ವರ್ಷದ ಮಕ್ಕಳ ಮುಂದೆ ಅದನ್ನು ಬಗೆಹರಿಸಲು ನಾನು ಹೋಗಲಿಲ್ಲ.

ಬದಲಿಗೆ ಒಂದು ಫೋಟೋ ತೋರಿಸಿದೆ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ, ಲ್ಯಾಂಬೆತ್ ಕಡೆ, ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರಿನಲ್ಲಿ ಅನಾವರಣ ಆಯಿತು. "ಇವರು 12ನೇ ಶತಮಾನದವರು. ದುಡ್ಡಿದ್ದವರು ದೇವರಿಗೆ ಗುಡಿ ಕಟ್ಟಿಸ್ತಾರೆ, ನಾನು ಬಡವ, ನನ್ನ ಮೈಯೇ ಗುಡಿ ಅಂದವರು" ಎಂದೆ. "ಕಾಲು ಏನಾಗುತ್ತೆ ಹಾಗಾದರೆ?" ಒಬ್ಬಳು ತಟ್ಟನೆ, "ಕಂಬ!" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ. ವಚನದಲ್ಲಿರೋದೂ ಅದೇ ಅಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ, ನಾನು ಸುಮ್ನೆ ಹೊಗಳ್ತಿದ್ದೀನಿ ಅಂದುಕೊಂಡಳು. ಆ ಕ್ಲಾಸಿನ ಮಕ್ಕಳು ಒಂದು ವಾರ ಊಟದ ಸಾಲಿನಲ್ಲಿ ಕಂಬದ ಹಾಗೆ ನಿಂತಿದ್ದರು ಅಂತ ಊಟ ಬಡಿಸುವವರು ದೂರು ಹೇಳಿದರು.

ಇಸ್ಲಾಂ ಪಾಠದಲ್ಲಿ ನನಗೆ ಕಲಿಸಿದವನು ಏಳು ವರ್ಷದ ಒಬ್ಬ ಹುಡುಗ. ಸ್ಟೋರಿನ ಡಬ್ಬಿಯಿಂದ ಕುರ್‌ಆನ್ ತಂದು, ಮಕ್ಕಳಿಗೆ ಕಾಣಲಿ ಅಂತ ಕಾರ್ಪೆಟ್ ಮೇಲೆ, ಬಟ್ಟೆ ಹಾಸಿ ಇಟ್ಟಿದ್ದೆ. ಹಾಜರಿ ಹಾಕ್ತಾ ಇದ್ದೆ. ಅವನು ಎದ್ದ, ಸದ್ದಿಲ್ಲದೆ ಸಿಂಕಿಗೆ ಹೋಗಿ ಕೈ ತೊಳೆದ, ಪೇಪರ್ ಟವೆಲಿನಲ್ಲಿ ಒರೆಸಿಕೊಂಡ, ಪುಸ್ತಕ ಎತ್ತಿಕೊಂಡು ಕುರ್ಚಿ ಹತ್ತಿ ಬೀರುವಿನ ಮೇಲೆ ಇಟ್ಟು ಬಂದು ಕೂತ. ಕುರ್ಚಿ ಹತ್ತಬಾರದು ಅನ್ನೋದು ಶಾಲೆಯ ನಿಯಮ. ಟಿಎ, ಅಂದರೆ ಕ್ಲಾಸಿನ ಸಹಾಯಕಿ, ಬೈಯೋಕೆ ಬಾಯಿ ತೆರೆದರು, ನಾನು ಕಣ್ಸನ್ನೆ ಮಾಡಿದೆ.

"ಅಲ್ಲಿ ಯಾಕೆ ಇಟ್ಟೆ?"

"ಅದು ಕೆಳಗೆ ಇರಬಾರದು ಮಿಸ್. ನಮ್ಮನೇಲಿ ಎಲ್ಲಕ್ಕಿಂತ ಮೇಲಿನ ಶೆಲ್ಫಿನಲ್ಲಿ ಇರುತ್ತೆ."

ಪಾಠ ಅಲ್ಲಿಂದಲೇ ಶುರುವಾಯಿತು. ನಿಮ್ಮ ಮನೆಯಲ್ಲಿ ಎತ್ತರದಲ್ಲಿ ಇಡೋದು ಏನು? ಮಕ್ಕಳು ಹೇಳಿದ್ದು: ಔಷಧಿ, ಬಿಸ್ಕತ್ ಡಬ್ಬಿ, ಅಜ್ಜಿಯ ಫೋಟೋ, ಪಾಸ್‌ಪೋರ್ಟ್. ನಾನು ತಯಾರು ಮಾಡಿಕೊಂಡು ಬಂದಿದ್ದ ಹಾಳೆ ಹಾಗೇ ಉಳಿಯಿತು. ಪುಸ್ತಕ ಇಡುವ ಮರದ ಸ್ಟ್ಯಾಂಡ್ ನಮ್ಮ ಡಬ್ಬಿಯ ತಳದಲ್ಲೇ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು. ಯಾವುದಕ್ಕೆ ಅಂತ ಗೊತ್ತಿಲ್ಲದೆ ಯಾರೋ ಅದರಲ್ಲಿ ಪೆನ್ಸಿಲ್ ಸಿಕ್ಕಿಸಿದ್ದರು.

ಅದೇ ಹುಡುಗನ ವಿಷಯದಲ್ಲಿ ಒಂದು ಸೂಕ್ಷ್ಮವೂ ಇದೆ. ಕ್ಲಾಸಿನಲ್ಲಿ ಒಬ್ಬನೇ ಮುಸ್ಲಿಂ ಇದ್ದರೆ ಎಲ್ಲ ಪ್ರಶ್ನೆಯನ್ನೂ ಅವನ ಕಡೆ ತಳ್ಳೋ ಚಾಳಿ ನಮಗೆ. ಎರಡನೇ ವಾರ ನಾನೂ ಹಾಗೇ ಮಾಡಿದೆ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಲ್ಲ, ಯಾಕೆ ಅಂತ ಅವನನ್ನೇ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮುಖ ಸಣ್ಣದಾಯಿತು. ಏಳು ವರ್ಷದ ಮಗು ಚಾಂದ್ರಮಾನ ಕ್ಯಾಲೆಂಡರ್ ವಿವರಿಸಬೇಕಾ? ಯುಗಾದಿ ಪ್ರತಿ ವರ್ಷ ತಾರೀಖು ಯಾಕೆ ಬದಲಾಗುತ್ತೆ ಅಂತ ಆ ವಯಸ್ಸಲ್ಲಿ ನನ್ನನ್ನು ಕೇಳಿದ್ದರೆ ನಾನೇನು ಹೇಳ್ತಿದ್ದೆ? ಈಗ ತಾವಾಗಿ ಕೈ ಎತ್ತಿದರೆ ಮಾತ್ರ ಕೇಳ್ತೀನಿ. ಹೆಸರು ಹಿಡಿದು ಕರೆಯಲ್ಲ.

ಹೊರಗೆ ಕರೆದುಕೊಂಡು ಹೋಗೋದರಲ್ಲಿ ನಾನು ಎಂದೂ ಕಂಜೂಸು ಮಾಡಿಲ್ಲ. ಸೌತ್‌ಹಾಲಿನ ಹ್ಯಾವ್‌ಲಾಕ್ ರೋಡಿನಲ್ಲಿ ಶ್ರೀ ಗುರು ಸಿಂಗ್ ಸಭಾ ಗುರುದ್ವಾರ ಇದೆ, 2003ರಲ್ಲಿ ತೆರೆದ ದೊಡ್ಡ ಕಟ್ಟಡ, ಚಿನ್ನದ ಬಣ್ಣದ ಗುಮ್ಮಟ ದೂರದಿಂದಲೇ ಕಾಣುತ್ತೆ. ಹೋಗುವ ಹಿಂದಿನ ದಿನ ಕ್ಲಾಸಿನಲ್ಲಿ ಅಭ್ಯಾಸ ಮಾಡಿಸ್ತೀನಿ. ಶೂ ಬಿಚ್ಚೋದು, ಅರವತ್ತು ಶೂಗಳಲ್ಲಿ ತಮ್ಮದನ್ನು ಮತ್ತೆ ಹುಡುಕೋದು, ತಲೆಗೆ ಬಟ್ಟೆ ಕಟ್ಟೋದು, ಗ್ರಂಥದ ಕಡೆ ಕಾಲು ಚಾಚದೆ ನೆಲದ ಮೇಲೆ ಕೂರೋದು. ಚಕ್ಕಂಬಕ್ಕಳ ಹಾಕಿ ಕೂರೋದು ಹತ್ತು ವರ್ಷದವರಿಗೆ ಬಹಳ ಕಷ್ಟ, ಐದು ವರ್ಷದವರಿಗೆ ಏನೂ ಅಲ್ಲ. ಅಲ್ಲಿ ಕೊಡುವ ಹಲ್ವಾ, ಅದೇ ಕಡಾ ಪ್ರಸಾದ, ಕೊಟ್ಟರೆ ಬೇಡ ಅನ್ನೋದನ್ನೂ ಅಭ್ಯಾಸ ಮಾಡಿಸ್ತೀನಿ, ಬೇಕಾದವರು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡೋದನ್ನೂ.

ಒಂದು ಸಲ ಹೋದಾಗ ಲಂಗರಿನಲ್ಲಿ, ಅಂದರೆ ಗುರುದ್ವಾರದ ಪುಕ್ಕಟೆ ಊಟದ ಮನೆಯಲ್ಲಿ, ಸಾಲಾಗಿ ಕೂತು ದಾಲ್, ರೊಟ್ಟಿ ಉಂಡೆವು. ಹೀಗೆ ಸಾಲಾಗಿ ಕೂರೋದಕ್ಕೆ ಪಂಜಾಬಿಯಲ್ಲಿ 'ಪಂಗತ್' ಅಂತಾರೆ. ನಮ್ಮ ಪಂಕ್ತಿಯೇ! ನನಗೆ ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದ ಸಾಲು ಕಣ್ಣ ಮುಂದೆ ಬಂತು. ನನ್ನ ಪಕ್ಕದಲ್ಲಿದ್ದ ಹುಡುಗ ಎರಡು ರೊಟ್ಟಿ ಮುಗಿಸಿ, ಸುತ್ತ ನೋಡಿ, ಮೆಲ್ಲಗೆ ಕೇಳಿದ: "ಮಿಸ್, ದುಡ್ಡು ಎಲ್ಲಿ ಕೊಡೋದು?" ಕೊಡೋ ಹಾಗಿಲ್ಲ ಅಂದೆ. "ಯಾರೂ ಕೊಡಲ್ವಾ? ಶ್ರೀಮಂತರೂ ಕೊಡಲ್ವಾ?" ಶ್ರೀಮಂತರೂ ಇಲ್ಲೇ ನೆಲದ ಮೇಲೆ ಕೂರ್ತಾರೆ ಅಂದೆ. ಅವನು ಸುಮಾರು ಹೊತ್ತು ಸುಮ್ಮನಿದ್ದು, ಸಾಲಿನಲ್ಲಿ ಶ್ರೀಮಂತರು ಯಾರು ಅಂತ ಒಬ್ಬೊಬ್ಬರ ಕಾಲ್ಚೀಲ ನೋಡಿ ಪತ್ತೆ ಹಚ್ಚೋಕೆ ಶುರು ಮಾಡಿದ.

ಎಲ್ಲ ಪ್ರವಾಸವೂ ಹೀಗೆ ಸಲೀಸಾಗಿ ಆಗಲ್ಲ. ಇಲ್ಲಿ ತಂದೆ ತಾಯಿ ಮಕ್ಕಳನ್ನು ಆರ್‌ಇ ಪಾಠದಿಂದ ಪೂರ್ತಿಯಾಗಿಯೋ ಸ್ವಲ್ಪ ಭಾಗವೋ ಬಿಡಿಸಬಹುದು, ಕಾರಣ ಕೊಡಬೇಕಿಲ್ಲ. ಕಾನೂನೇ ಕೊಟ್ಟ ಹಕ್ಕು. ಒಂದು ವರ್ಷ ಮಸೀದಿಗೆ ಹೋಗೋದಿತ್ತು. ಒಬ್ಬ ಹುಡುಗನ ತಂದೆ, "ನನ್ನ ಮಗ ಬರಲ್ಲ" ಅಂತ ಚೀಟಿ ಕಳಿಸಿದರು. ಹಿಂದಿನ ತಿಂಗಳು ಚರ್ಚಿಗೆ ಬಂದಿದ್ದ, ಗುರುದ್ವಾರಕ್ಕೂ ಬಂದಿದ್ದ ಹುಡುಗ. ಫೋನ್ ಮಾಡಿದೆ. "ನೀವೂ ಬನ್ನಿ, ನಮಗೆ ದೊಡ್ಡವರ ಸಹಾಯ ಬೇಕು, ಏನು ನಡೆಯುತ್ತೆ ಅಂತ ಕಣ್ಣಾರೆ ನೋಡಿ" ಎಂದೆ. ಬರಲಿಲ್ಲ. ಹುಡುಗ ಆವತ್ತು ಬೇರೆ ಕ್ಲಾಸಿನಲ್ಲಿ ಕೂತು ಭಾಗಾಕಾರ ಮಾಡಿದ. ಮಾರನೇ ದಿನ ಗೆಳೆಯರನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳುತ್ತಿದ್ದ: ಕುರ್ಚಿ ಇರಲಿಲ್ವಾ? ಕಾರ್ಪೆಟ್ ಯಾವ ಬಣ್ಣ? ಗಡಿಯಾರ ಯಾಕೆ ಅಷ್ಟೊಂದು? ನಾನು ಕೇಳಿಸಿಕೊಂಡರೂ ಕೇಳಿಸದ ಹಾಗೆ ಪುಸ್ತಕ ಜೋಡಿಸುತ್ತಾ ನಿಂತೆ. ಆ ತಂದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಕುಂಕುಮದ ದಿನ ನನ್ನನ್ನು ತಡೆದ ಆ ತಾಯಿಯ ಹಕ್ಕೂ ಇದೇ ಕಾನೂನಿನದ್ದು ಅನ್ನೋದೂ ನೆನಪಿದೆ. ಒಂದನ್ನು ಇಟ್ಟುಕೊಂಡು ಇನ್ನೊಂದು ಬೇಡ ಅನ್ನೋಕಾಗಲ್ಲ.

ಇನ್ನು 'ಏನೂ ಇಲ್ಲದ' ಮಕ್ಕಳು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಶೇ. 37.2ರಷ್ಟು ಜನ ತಮಗೆ ಧರ್ಮ ಇಲ್ಲ ಅಂತ ಬರೆಸಿದ್ದಾರೆ. ಕ್ರೈಸ್ತರು ಅಂತ ಬರೆಸಿದವರು ಶೇ. 46.2, ಮೊದಲ ಸಲ ಅರ್ಧಕ್ಕಿಂತ ಕಡಿಮೆ. ಈ ಲೆಕ್ಕ ನನಗೆ ಕ್ಲಾಸಿನಲ್ಲೇ ಕಾಣುತ್ತಿತ್ತು. 'ನಿಮ್ಮ ಮನೆಯ ಪವಿತ್ರ ವಸ್ತು ಬರೆಯಿರಿ' ಅಂತ ಹಾಳೆ ಕೊಟ್ಟೆ. ಒಬ್ಬ ಖಾಲಿ ಹಾಳೆ ಕೊಟ್ಟ. "ನಮ್ಮನೇಲಿ ಏನೂ ಇಲ್ಲ ಮಿಸ್." ಹೇಳುವಾಗ ಅವನ ದನಿ ಊಟದ ಡಬ್ಬಿ ಮರೆತು ಬಂದವನ ಹಾಗಿತ್ತು.

ತಪ್ಪು ಅವನದ್ದಲ್ಲ, ನನ್ನ ಪ್ರಶ್ನೆಯದ್ದು. ಮುಂದಿನ ವಾರ ಬೇರೆ ಥರ ಕೇಳಿದೆ: ನಿಮ್ಮ ಮನೆಯಲ್ಲಿ ಹಳೆಯದಾದರೂ ಯಾರೂ ಎಸೆಯುವ ಹಾಗಿಲ್ಲದ ವಸ್ತು ಯಾವುದು? ಅವನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಸಣ್ಣ ಕರಣೆ ತಂದ. ತೋಟದಲ್ಲಿ ಗಿಡ ನೆಡೋಕೆ ಬಳಸುವಂಥದ್ದು. ಹಿಡಿಕೆಯ ಬಣ್ಣ ಹೋಗಿತ್ತು, ಒಣಮಣ್ಣು ಅಂಟಿತ್ತು. ತೀರಿಹೋದ ಅಜ್ಜನದು. ಪ್ರತಿ ವಸಂತದಲ್ಲಿ ಮನೆಯವರೆಲ್ಲ ಹೋಗಿ ಇದರಿಂದಲೇ ಆಲೂಗಡ್ಡೆ ಹಾಕ್ತಾರೆ. "ಮಣ್ಣು ತೊಳೆಯೋ ಹಾಗಿಲ್ಲ ಮಿಸ್. ಅಜ್ಜಿ ಬೈತಾರೆ." ಮೇಜಿನ ಮೇಲೆ ಜಪಸರ, ಶಿಲುಬೆ, ನಮಾಜಿನ ಚಾಪೆ, ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತಿನ ಎರಡು ಮೇಣದ ಬತ್ತಿ ಇದ್ದವು. ಕರಣೆಯನ್ನು ಅವುಗಳ ಪಕ್ಕ ಇಟ್ಟೆವು. ಯಾರೂ ನಗಲಿಲ್ಲ. ಸಂಜೆ ಕ್ಲಾಸು ಗುಡಿಸುವವರಿಗೆ 'ದಯವಿಟ್ಟು ತೊಳೆಯಬೇಡಿ' ಅಂತ ಚೀಟಿ ಬರೆದಿದ್ದು ಅವನ ಪಕ್ಕ ಕೂರುವ ಹುಡುಗಿ.

ಉತ್ತರ ಇಲ್ಲದ ಪ್ರಶ್ನೆಗಳಿಗೆ ಒಂದು ಶೂ ಡಬ್ಬಿ ಇಟ್ಟಿದ್ದೀನಿ. ಬರೆದು ಹಾಕಬಹುದು, ಹೆಸರು ಬೇಕಿಲ್ಲ. 'ದೇವರಿಗೆ ಹೆಸರಿಟ್ಟಿದ್ದು ಯಾರು?' 'ದೇವರಿಗೆ ಎಲ್ಲ ಭಾಷೆ ಬರುತ್ತಾ?' 'ನನ್ನ ಹ್ಯಾಮ್‌ಸ್ಟರ್ ಎಲ್ಲಿಗೆ ಹೋಯ್ತು?' ಮೂರನೆಯದ್ದನ್ನು ಬರೆದವಳು ಯಾರು ಅಂತ ಕಣ್ಣು ನೋಡಿದರೇ ಗೊತ್ತಾಗ್ತಿತ್ತು. ಕೆಲವರು ಸ್ವರ್ಗಕ್ಕೆ ಅಂತಾರೆ, ಕೆಲವರು ಮತ್ತೆ ಹುಟ್ಟುತ್ತೆ ಅಂತಾರೆ, ಕೆಲವರು ಮಣ್ಣಲ್ಲಿ ಮಣ್ಣಾಗಿ ಹೂವಾಗುತ್ತೆ ಅಂತಾರೆ ಎಂದೆ. "ನೀವು ಏನಂತೀರಾ?" ಅಂತ ಅವಳು ಕೇಳಿಯೇ ಕೇಳಿದಳು. "ನನಗೂ ಅದೇ ಪ್ರಶ್ನೆ ಇದೆ" ಅಂದೆ. ಅದು ತಪ್ಪಿಸಿಕೊಳ್ಳೋ ಮಾತಲ್ಲ. ಆ ವರ್ಷವೇ ಅಪ್ಪ ತೀರಿಕೊಂಡಿದ್ದರು. ಅವರನ್ನು ನಮ್ಮ ಪದ್ಧತಿಯಂತೆ ಕೂರಿಸಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಸಮಾಧಿ ಮಾಡಿದ್ದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಡುಗಿ ಡಬ್ಬಿಯಿಂದ ತನ್ನ ಚೀಟಿ ವಾಪಸ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡಳು.

ಈ ಡಿಸೆಂಬರಿನಲ್ಲಿ ಕ್ರಿಸ್ಟಿಂಗಲ್ ಮಾಡಿದೆವು. ಕ್ರಿಸ್ಮಸ್ ಹೊತ್ತಿಗೆ ಚರ್ಚುಗಳಲ್ಲಿ ಮಕ್ಕಳು ಹಿಡಿಯುವ ಹಣ್ಣಿನ ದೀಪ ಅದು. ಕಿತ್ತಳೆ ಹಣ್ಣು ಭೂಮಿ. ಸುತ್ತ ಕಟ್ಟುವ ಕೆಂಪು ರಿಬ್ಬನ್ ಏಸುವಿನ ರಕ್ತ. ಮೇಲೆ ಸಿಕ್ಕಿಸುವ ಮೇಣದ ಬತ್ತಿ ಲೋಕಕ್ಕೆ ಬೆಳಕು. ನಾಲ್ಕು ಕಡ್ಡಿಗೆ ಒಣದ್ರಾಕ್ಷಿ ಪೋಣಿಸಿ ಚುಚ್ಚಿದರೆ ನಾಲ್ಕು ಋತು. ಮೊರಾವಿಯನ್ ಚರ್ಚಿನವರು 1747ರಲ್ಲಿ ಜರ್ಮನಿಯಲ್ಲಿ ಮಕ್ಕಳಿಗೆ ಕೆಂಪು ಪಟ್ಟಿಯ ಮೇಣದ ಬತ್ತಿ ಕೊಟ್ಟಿದ್ದರಿಂದ ಶುರುವಾದದ್ದು. ಇಂಗ್ಲೆಂಡಿನ ಚರ್ಚುಗಳಲ್ಲಿ ಹರಡಿದ್ದು 1968ರಿಂದ ಈಚೆಗೆ. ಮಾಡಿಸಬಹುದಾ ಇದನ್ನು, ಅಥವಾ ಹೇಳಿಕೊಡೋದಷ್ಟೇನಾ? ನನಗೆ ಗೊಂದಲ. ಯಾರನ್ನು ಕೇಳೋದು ಅಂತ ಯೋಚಿಸಿ, ಆ ಕುಂಕುಮದ ತಾಯಿಗೇ ಫೋನ್ ಮಾಡಿದೆ. ಮಗಳು ಈಗ ದೊಡ್ಡ ಕ್ಲಾಸಿನಲ್ಲಿದ್ದಾಳೆ. ಅವರು ನಕ್ಕರು. "ಹಣ್ಣಿಗೆ ಕಡ್ಡಿ ಚುಚ್ಚೋದು ಕೈಕೆಲಸ. ಬತ್ತಿ ಹಚ್ಚಿ ಹಾಡೋದು ಪ್ರಾರ್ಥನೆ. ಮೊದಲನೆಯದು ಕ್ಲಾಸಿನಲ್ಲಿ ಮಾಡಿ, ಎರಡನೆಯದು ನಮ್ಮ ಚರ್ಚಿಗೆ ಬಿಡಿ" ಎಂದರು. ಅವರೇ ಬಂದು, ತಾವು ಚಿಕ್ಕವರಿದ್ದಾಗ ಬತ್ತಿಯ ಕಿಡಿ ಮುಂದಿನವರ ಜಡೆಗೆ ತಾಗಿದ ಕಥೆ ಹೇಳಿದರು. ನಮ್ಮ ಕಿತ್ತಳೆಗಳಿಗೆ ನಾವು ಬತ್ತಿ ಹಚ್ಚಲೇ ಇಲ್ಲ.

ಮೂರು ಹಣ್ಣು ಮಿಕ್ಕಿದ್ದವು. ಮನೆಗೆ ತಂದು ಅಡುಗೆಮನೆ ಕಟ್ಟೆ ಮೇಲಿಟ್ಟಿದ್ದೆ, ಒಂದಕ್ಕೆ ಕಡ್ಡಿ ಚುಚ್ಚಿದ್ದು ಹಾಗೇ ಇತ್ತು. ವಿಡಿಯೋ ಕಾಲಿನಲ್ಲಿ ಅವ್ವನಿಗೆ ಕಂಡಿತು.

"ಕೆಂಪು ದಾರ ಕಟ್ಟಿ ಕಡ್ಡಿ ಯಾಕ ಚುಚ್ಚೀದಿ? ಯಾರಿಗ್ಯಾರ ದೃಷ್ಟಿ ಆಗೇತೇನು?"

ಇಲ್ಲವ್ವಾ, ಅದು ಭೂಮಿ, ಇದು ರಕ್ತ ಅಂತ ಶುರು ಮಾಡಿದೆ. ಒಣದ್ರಾಕ್ಷಿಗೆ ಬರುವಷ್ಟರಲ್ಲಿ ಹಾಲು ಉಕ್ಕಿತು.